ಒಡ್ಡಿನೊಳಗಿನ ಸೊಪ್ಪು

ಬೆಳಿಗ್ಗೆ ಒಡ್ಡಿನ ಬುಡದಲ್ಲಿ ಜಿನುಗುತ್ತಿದ್ದ ನೀರನ್ನು ಚೊಂಬಿನಲ್ಲಿ ಹಿಡಿದು ಜಗಲಿಯ ಮೇಲಿಟ್ಟೆ. ಕಾಫಿ ಕುಡಿದು ಬಂದು ನೋಡಿದರೆ ತಳದಲ್ಲಿ ಬೆರಳಿಗೆ ಮೆತ್ತುವಷ್ಟು ಕೆಂಪು ಮಣ್ಣು ಕೂತಿತ್ತು. ನಿನ್ನೆಯವರೆಗೆ ಆ ನೀರು ತಿಳಿಯಾಗಿತ್ತು. ತಿಳಿನೀರಾದರೆ ಒಡ್ಡು ಬೆವರುತ್ತಿದೆ ಎಂದುಕೊಳ್ಳಬಹುದು. ಮಣ್ಣು ಬರುತ್ತಿದೆ ಎಂದರೆ ಒಳಗೆ ಎಲ್ಲೋ ಒಡ್ಡು ಟೊಳ್ಳಾಗುತ್ತಿದೆ.

ಅದು ಅರವತ್ತಾರನೆಯ ಇಸವಿಯ ಆಷಾಢ. ಶರಾವತಿಯ ಹಿನ್ನೀರಿನಲ್ಲಿ ನಮ್ಮ ತೋಟ ಮುಳುಗಿದ ಮೇಲೆ ಹೊಸನಗರದ ಈಚೆಗೆ ನಮಗೆ ಸಿಕ್ಕಿದ್ದು ಹಳ್ಳದ ಪಕ್ಕದ ಈ ಜೌಗು. ಎಮ್ಮೆ ಇಳಿದರೆ ಹಗ್ಗ ಹಾಕಿ ಎಳೆಯಬೇಕಿತ್ತು. ನನ್ನ ಗಂಡ ಸುಬ್ಬಕೃಷ್ಣ ಮತ್ತು ನಮ್ಮಂತೆಯೇ ಮುಳುಗಡೆಯಿಂದ ಬಂದ ಮಾಸ್ತಪ್ಪ ಸೇರಿ ಹಳ್ಳದ ಉದ್ದಕ್ಕೂ ಒಡ್ಡು ಹಾಕಿದರು. ಒಳಗೆ ಬಸಿಗಾಲುವೆ ತೋಡಿ, ಅದರ ಬಾಯಿಗೆ ತೂಬು ಇಟ್ಟರು. ಹಳ್ಳ ಇಳಿದಾಗ ತೂಬಿನ ಹಲಗೆ ಎತ್ತಿ ಗದ್ದೆಯ ನೀರು ಹೊರಗೆ ಬಿಡುವುದು. ಏರಿದಾಗ ಹಲಗೆ ಇಳಿಸಿ ಹಳ್ಳವನ್ನು ತಡೆಯುವುದು. ಒಂದು ವರ್ಷ ಜೌಗು ಬಸಿದು, ಈ ಸಲ ಭತ್ತದ ಮೊದಲ ನಟ್ಟಿ ಮಾಡಿದ್ದೆವು.

ತಲೆಮಾರುಗಳಿಂದ ಅಡಿಕೆಯ ಬುಡಕ್ಕೆ ಸೊಪ್ಪು ಹಾಸಿ ಮಣ್ಣು ಕೊಟ್ಟ ಮನೆ ನಮ್ಮದು. ಒಡ್ಡಿಗೂ ಹಾಗೆಯೇ ಒಂದು ವರಸೆ ಮಣ್ಣು, ಒಂದು ವರಸೆ ಹಸಿ ಸೊಪ್ಪು ಬಿದ್ದಿತು.

“ಭಟ್ರೇ, ಒಡ್ಡಿಗೂ ಗೊಬ್ರ ಹಾಕ್ತೀರಲ್ಲ, ಮುಂದಿನ ವರ್ಷ ಇದು ಮರಿ ಹಾಕ್ತದಾ?” ಎಂದು ಮಾಸ್ತಪ್ಪ ನಕ್ಕಿದ್ದ.

“ಸೊಪ್ಪಿಲ್ದೆ ಮಣ್ಣು ನಿಲ್ತಿಲ್ಲೆ” ಎಂದು ಅತ್ತೆ ಸರಸ್ವತಮ್ಮ ಅಂಗಳದಿಂದಲೇ ಉತ್ತರ ಕೊಟ್ಟಿದ್ದರು.

ಈಗ ಆ ಸೊಪ್ಪು ಕೊಳೆತು, ಅದಿದ್ದ ಜಾಗವೆಲ್ಲ ನೀರಿಗೆ ದಾರಿಯಾಗಿತ್ತು.

ಚೊಂಬು ಹಿಡಿದು ಒಡ್ಡಿಗೆ ಹೋದೆ. ಮಳೆ ಬಿಟ್ಟಿದ್ದರೂ ಹಳ್ಳ ಏರುತ್ತಲೇ ಇತ್ತು. ನನ್ನ ಗಂಡ ಮಂಡಿಯೂರಿ, ಜಿನುಗುವ ತೂತಿಗೆ ಸೊಪ್ಪು ತುರುಕುತ್ತಿದ್ದರು.

“ಮಣ್ಣು ಬತ್ತಾ ಇದ್ದು, ನೋಡಿ.”

ಅವರು ಚೊಂಬಿನ ಕಡೆ ತಿರುಗಲಿಲ್ಲ. “ಇನ್ನೆರಡು ಹೊರೆ ಸೊಪ್ಪು ತುಂಬಿದ್ರೆ ನಿಲ್ತು.”

“ಸೊಪ್ಪಿಂದಲೇ ಹಿಂಗಾಯ್ದು.”

“ನಿನ್ನ ಕಾಲೇಜಲ್ಲಿ ಒಡ್ಡು ಕಟ್ಟದೂ ಕಲಿಸ್ತ್ರಾ?”

“ತೂಬು ತೆಗೆಯನ. ಒಳಗೂ ನೀರು ತುಂಬಿದ್ರೆ ಎರಡೂ ಬದಿ ಸಮ ಆಗ್ತು. ಒಡ್ಡು ಉಳಿತು.”

“ನಟ್ಟಿ?”

“ನಟ್ಟಿ ಹೋಗ್ತು.”

ಅವರು ಎದ್ದು ನಿಂತರು. “ಒಂದ್ಸಲ ಎಲ್ಲ ನೀರಿಗೆ ಬಿಟ್ಟು ಬಂದಾತು. ಇನ್ನೊಂದ್ಸಲ ಆನೇ ಎನ್ನ ಕೈಯಾರೆ ಬಿಡ್ತಿಲ್ಲೆ.” ಕತ್ತಿ ತೆಗೆದುಕೊಂಡು ಸೊಪ್ಪಿಗೆಂದು ಗುಡ್ಡ ಹತ್ತಿದರು.

ಮಾಸ್ತಪ್ಪ ಒಡ್ಡಿನ ಮೇಲೆ ನಿಂತಿದ್ದ.

“ಒಡ್ಡು ಒಡೆದರೆ ಏನಾಗುತ್ತೆ?” ಎಂದು ಕೇಳಿದೆ.

“ಹಳ್ಳದ ಮರಳೆಲ್ಲ ಬಂದು ಕೂರ್ತದೆ. ಆಮೇಲೆ ಇದು ಗದ್ದೆನೂ ಅಲ್ಲ, ಜೌಗೂ ಅಲ್ಲ.”

“ಹಲಗೆ ಎತ್ತುತ್ತೀಯಾ?”

“ಭಟ್ರು ನನ್ನ ಕಾಲು ಮುರೀತಾರಮ್ಮ. ನಿಮ್ಮದಾದ್ರೆ ಮುರಿಯಾದಿಲ್ಲ.”

ಅಷ್ಟರಲ್ಲಿ ಅವನ ಕಾಲ ಬಳಿಯೇ ಒಡ್ಡಿನ ನೆತ್ತಿ ಸದ್ದಿಲ್ಲದೆ ಕುಸಿಯಿತು. ತಲೆಯಿಟ್ಟು ಎದ್ದ ಮೇಲೆ ದಿಂಬಿನಲ್ಲಿ ಉಳಿಯುವಂಥ ತಗ್ಗು. ಅವನು ಹಿಂದೆ ಸರಿದ. ನಾನು ಸೆರಗು ಸಿಕ್ಕಿಸಿ ತೂಬಿಗೆ ಇಳಿದೆ.

ತೂಬಿಗೆ ಒಂದರ ಮೇಲೊಂದು ಮೂರು ಹಲಗೆ. ಮೇಲಿನದು ಸುಲಭವಾಗಿ ಬಂತು. ಕೆಂಪು ನೀರು ನನ್ನ ಸೊಂಟಕ್ಕೆ ಬಡಿದು ಗದ್ದೆಗೆ ನುಗ್ಗಿತು. ಎರಡನೆಯದಕ್ಕೆ ಮಾಸ್ತಪ್ಪನೂ ಇಳಿದು ಬಂದು ಹಾರೆ ಕೊಟ್ಟ; ಅದೂ ಬಂತು. ಕೆಳಗಿನದು ನೆನೆದು ಉಬ್ಬಿ ಅಲುಗಲಿಲ್ಲ. ಬರುವ ನೀರು ಸಾಲದು; ಹೊರಗಿನ ಹಳ್ಳ ಇನ್ನೂ ಎತ್ತರದಲ್ಲಿತ್ತು. ತಗ್ಗು ಅಗಲವಾಗುತ್ತಿತ್ತು.

ತಲೆಯೆತ್ತಿದಾಗ ನನ್ನ ಗಂಡ ಹೊರೆ ಹೊತ್ತು ದಂಡೆಯಲ್ಲಿ ನಿಂತಿದ್ದರು. ನನ್ನನ್ನು ನೋಡಿದರು, ಗದ್ದೆಯನ್ನು ನೋಡಿದರು. ಆಮೇಲೆ ಒಡ್ಡಿನ ತಗ್ಗನ್ನು ಬಹಳ ಹೊತ್ತು ನೋಡಿದರು. ನಾನು ಹಲಗೆಯಿಂದ ಕೈ ತೆಗೆಯಲಿಲ್ಲ.

ಅವರು ಹೊರೆ ಇಳಿಸಿ, ಪಂಚೆ ಎತ್ತಿಕಟ್ಟಿ ತೂಬಿಗೆ ಇಳಿದರು.

“ಹಾರೆ ಈ ಬದಿಗೆ ಕೊಡು, ಮಾಸ್ತಪ್ಪ.”

ಮೂವರೂ ಎಳೆದಾಗ ಹಲಗೆ ಬಂತು. ನೀರು ಸಾಲುಸಾಲಾಗಿ ಸಸಿಗಳನ್ನು ಮುಳುಗಿಸುತ್ತ ದಡದವರೆಗೂ ಹೋಯಿತು. ಒಳಗೂ ಹೊರಗೂ ಸಮವಾದ ಮೇಲೆ ತಗ್ಗು ಬೆಳೆಯುವುದು ನಿಂತಿತು. ಒಡ್ಡು ನಿಂತಿತ್ತು. ಹಸಿರಿನ ಒಂದು ಎಸಳೂ ಕಾಣುತ್ತಿರಲಿಲ್ಲ.

“ಅಮ್ಮಂಗೆ ಊಟ ಆದ ಮೇಲೆ ಹೇಳನ” ಎಂದರು.

“ಆನು ಹೇಳ್ತಿ” ಎಂದೆ.

“ಬ್ಯಾಡ” ಎಂದರು ಅವರು, ಮುಖದ ಕೆಸರು ಒರೆಸಿಕೊಳ್ಳುತ್ತ. “ಹಲಗೆ ಎತ್ತಿದ್ದು ಆನು.”