ಅಂಟಿಸಿದ ಉತ್ತರ

ಆ ಕೋಣೆಯಲ್ಲಿ ಹೊಸದೊಂದು ಪ್ರೋಗ್ರಾಮಿಂಗ್ ಭಾಷೆ ತಯಾರಾಗುತ್ತಿತ್ತು. ಅದನ್ನು ಕಟ್ಟುವವಳು ಎಲ್ಲರ ಬಾಯಲ್ಲೂ ಅಕ್ಕ. ಅವಳು ಕಟ್ಟಿದ್ದನ್ನು ಒರೆಗೆ ಹಚ್ಚುವವನು ಟೆಸ್ಟರ್. ಈ ಸಲ ಅವನ ಕೈಗೆ ಬಂದದ್ದು, ಎಷ್ಟು ಸಂಖ್ಯೆ ಕೊಟ್ಟರೂ ಬೇಡವೆನ್ನದೆ ತೆಗೆದುಕೊಂಡು, ಅವುಗಳಲ್ಲಿ ದೊಡ್ಡದು ಯಾವುದೆಂದು ಹೇಳಬೇಕಾದ ಫಂಕ್ಷನ್.

ಟೆಸ್ಟರ್‌ಗೆ ಮನೆಗೆ ಹೋಗುವ ಅವಸರ. ಸರಿಯುತ್ತರವನ್ನು ಮೊದಲು ತಾನೇ ಲೆಕ್ಕಹಾಕಿ ಬರೆದಿಡಬೇಕಾದವನು, ಫಂಕ್ಷನ್ ಓಡಿಸಿ, ಅದು ಉಗುಳಿದ್ದನ್ನೇ ಸರಿಯುತ್ತರವೆಂದು ಅಂಟಿಸಿಬಿಟ್ಟ. ಕಳ್ಳನ ಕೈಗೇ ಬೀಗದಕೈ ಕೊಟ್ಟ ಹಾಗೆ! ಇನ್ನೇನು, ಫಂಕ್ಷನ್ನಿನ ಉತ್ತರ ಅದರದೇ ಉತ್ತರಕ್ಕೆ ತಾಳೆಯಾಗಿ ಪರದೆಯ ತುಂಬ ಪಾಸಾದ ಹಸಿರು ಗುರುತು. "ಅಕ್ಕ, ಕಣ್ಮುಚ್ಕೊಂಡು ಇದನ್ನ ಬಳಕೆಗೆ ಬಿಡಿ" ಎಂದು ಎದೆ ತಟ್ಟಿಕೊಂಡ.

ವಾರ ಕಳೆದ ಮೇಲೆ ಅಕ್ಕ ಕರೆದಳು. ಎರಡು, ಐದು, ಒಂಬತ್ತು ಕೊಟ್ಟರೆ ಫಂಕ್ಷನ್ ಐದೇ ದೊಡ್ಡದು ಅನ್ನುತ್ತಿತ್ತು. ಕೊನೆಯ ಸಂಖ್ಯೆಯತ್ತ ಅದು ತಿರುಗಿಯೂ ನೋಡುತ್ತಿರಲಿಲ್ಲ. ಅವಳು ಅವನ ಟೆಸ್ಟ್ ತೆರೆದು ತೋರಿಸಿದಳು. ಅವೇ ಮೂರು ಸಂಖ್ಯೆಗಳು, ಪಕ್ಕದಲ್ಲಿ ಸರಿಯುತ್ತರ: ಐದು.

ಎಣಿಸಲು ಕಲಿತ ಮಗುವೂ ನಕ್ಕುಬಿಡುತ್ತಿತ್ತು. ನೆಲ ಬಾಯ್ಬಿಟ್ಟರೆ ಸಾಕೆನಿಸಿತು ಅವನಿಗೆ. ಬೈಗುಳವನ್ನೆಲ್ಲ ಕೇಳಿಸಿಕೊಳ್ಳಲು ತಲೆತಗ್ಗಿಸಿ ನಿಂತ.

ಅಕ್ಕ ಬೈಯಲಿಲ್ಲ. "ಇದು ನನಗೆ ಮೊನ್ನೆನೇ ಕಾಣಿಸ್ತು ಕಣೋ. ಆದ್ರೆ ಐದು ಅಂತ ಬರೆದಿದ್ದು ನೀನಲ್ವಾ? ನೋಡದೆ ಬರೆಯೋನಲ್ಲ, ಏನೋ ಕಾರಣ ಇರುತ್ತೆ ಅಂತ ಆ ಕಾರಣ ಹುಡುಕ್ತಾ ಕೂತಿದ್ದೆ" ಎಂದಳು.