ಅಮ್ಮನ ಹೆಬ್ಬೆರಳು

ಅಮ್ಮ ಹದಿನೈದು ದಿನಕ್ಕೆ ಚಿಕ್ಕ ಮಗಳ ಮನೆಗೆ ಹೊರಟಿದ್ದಳು. ತಾನಾಗಿ ಕೇಳಿಕೊಂಡು ಹೊರಟಿದ್ದಳು. ದೊಡ್ಡವಳಿಗೆ ಹೊಟ್ಟೆ ಉರಿದದ್ದು ಅದಕ್ಕೇ.

ಈ ಹೊಟ್ಟೆಕಿಚ್ಚು ನಿನ್ನೆ ಮೊನ್ನೆಯದಲ್ಲ. ಅಮ್ಮನಿಗೆ ಸ್ಕಿಜೋಫ್ರೇನಿಯಾ ಎಂದು ಡಾಕ್ಟರು ಹೇಳಿದಾಗ ದೊಡ್ಡವಳಿಗೆ ಒಂಬತ್ತು, ಚಿಕ್ಕವಳಿಗೆ ಮೂರು. ಚಿಕ್ಕವಳನ್ನು ಅತ್ತೆ ಕರೆದೊಯ್ದು ಸಾಕಿದರು. ಅವಳು ನಗುನಗುತ್ತಾ ಬೆಳೆದಳು. ದೊಡ್ಡವಳು ಇಲ್ಲೇ ಉಳಿದು, ಅಮ್ಮನ ತಟ್ಟೆಯಿಂದ ಮೊದಲ ತುತ್ತು ತಾನು ತಿಂದು, "ವಿಷ ಇಲ್ಲಮ್ಮಾ" ಎಂದು ತೋರಿಸುತ್ತಾ ಬೆಳೆದಳು. ಈಗ ಅವಳ ಹೊಲಿಗೆ ಅಂಗಡಿಯಲ್ಲಿ ಅಳತೆ ಟೇಪು ಗಿರಾಕಿಯ ಭುಜಕ್ಕೆ ತಾಗಿದ ಕೂಡಲೇ ಯಾರು ಅತ್ತು ಬಂದಿದ್ದಾರೆಂದು ಅವಳಿಗೆ ತಿಳಿಯುತ್ತದೆ. ಗಿರಾಕಿಗಳು ಮೆಚ್ಚುತ್ತಾರೆ. ಮೆಚ್ಚುವುದಕ್ಕೆ ಅವರಪ್ಪನ ಗಂಟೇನು ಹೋಗುತ್ತದೆ? ಅಮ್ಮನನ್ನು ನೋಡಿ ನೋಡಿ ಕಲಿತವಳಿಗೆ ಗೊತ್ತು ಕಲಿತ ಕಷ್ಟ.

ಅಮ್ಮನನ್ನು ಕರೆದೊಯ್ಯಲು ಬಂದಿದ್ದ ಚಿಕ್ಕವಳು ಪೆನ್ನು ಹಿಡಿದು ಕೂತಳು. "ಅಕ್ಕಾ, ಅಮ್ಮನ್ನ ಹೇಗೆ ನೋಡ್ಕೋಬೇಕೂಂತ ಎಲ್ಲಾ ಹೇಳ್ಬಿಡು, ಬರ್ಕೋತೀನಿ."

ದೊಡ್ಡವಳು ಎಲ್ಲವನ್ನೂ ಹೇಳಿದಳು, ಹೆಬ್ಬೆರಳಿನ ವಿಷಯವೊಂದನ್ನು ಬಿಟ್ಟು. ಅಮ್ಮ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜತೊಡಗಿದರೆ ಕಿವಿಯಲ್ಲಿ ದನಿಗಳು ಶುರುವಾಗಿವೆ ಎಂದರ್ಥ. ಆಗ ಬೆನ್ನ ಹಿಂದೆ ಯಾರೂ ಸುಳಿಯಬಾರದು. ಎರಡೇ ದಿನಕ್ಕೆ ಚಿಕ್ಕವಳು ಸಾಕಪ್ಪಾ ಸಾಕು ಎಂದು ಅಮ್ಮನನ್ನು ವಾಪಸು ತಂದು ಬಿಡಲಿ ಎಂಬುದು ಅವಳ ಲೆಕ್ಕಾಚಾರ.

ಎರಡು ದಿನವೇನು, ಹೊಸ್ತಿಲು ದಾಟುವ ಮೊದಲೇ ಅಮ್ಮನ ಹೆಬ್ಬೆರಳು ಆಡತೊಡಗಿತು. ದೊಡ್ಡವಳು ನೋಡಿದಳು, ಬಾಯಿ ಬಿಡಲಿಲ್ಲ. ಚಿಕ್ಕವಳು ಹಿಂದಿನಿಂದ ಬಂದು ಅಮ್ಮನನ್ನು ತಬ್ಬಿಕೊಂಡಳು. ಅಮ್ಮ ಕಿರುಚಿ, ಅವಳನ್ನು ತಳ್ಳಿ, ಕೋಣೆಗೆ ಓಡಿ ಚಿಲಕ ಹಾಕಿಕೊಂಡಳು.

"ನಾನೇನ್ ತಪ್ಪು ಮಾಡ್ದೆ ಅಕ್ಕಾ?" ಚಿಕ್ಕವಳು ನೆಲದ ಮೇಲೆ ಕೂತು ಅತ್ತಳು.

ದೊಡ್ಡವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಒಂದೇ ಗಳಿಗೆ. ಆಮೇಲೆ ತನ್ನ ಮೇಲೇ ಹೇಸಿಗೆಯಾಯಿತು.

ಒಂದು ಗಂಟೆ ಕಳೆದು ಬಾಗಿಲು ತೆರೆಯಿತು. ಅಮ್ಮ ನೇರ ದೊಡ್ಡವಳ ಮುಂದೆ ಬಂದು ನಿಂತಳು.

"ಬೆಳಗ್ಗಿಂದ ತುಟಿ ಕಚ್ಕೊಂಡು ಓಡಾಡ್ತಿದ್ದೀಯ. ಇವಳು ಹುಟ್ದಾಗ್ಲೂ ಹಾಗೇ, ನಾನು ಇವಳನ್ನ ಎತ್ಕೊಂಡ್ರೆ ಸಾಕು, ತುಟಿ ಕಚ್ತಿದ್ದೆ. ನಾನು ಹೋಗೋದು ನಿಂಗಿಷ್ಟ ಇಲ್ಲ ಅಲ್ವಾ?"

ತನ್ನ ಮುಖವನ್ನೂ ಯಾರಾದರೂ ನೋಡುತ್ತಾರೆಂದು ದೊಡ್ಡವಳು ಕನಸಿನಲ್ಲೂ ಎಣಿಸಿರಲಿಲ್ಲ. "ನಿಂಗೆ ಅವಳೇ ಹೆಚ್ಚು," ಎಂದಳು, ಒಂಬತ್ತು ವರ್ಷದ ಹುಡುಗಿಯ ದನಿಯಲ್ಲಿ.

"ಹುಚ್ಚಿ. ನೀನು ಬಾಗ್ಲು ತೆರೆದಿಟ್ಟು, ಒಂದು ಕಣ್ಣಲ್ಲಿ ನಿದ್ದೆ ಮಾಡೋದು ನಂಗೆ ಕಾಣಲ್ವಾ? ಹದಿನೈದು ದಿನ ನೀನು ಎರಡೂ ಕಣ್ಣು ಮುಚ್ಚಿ ಮಲಗ್ಲಿ ಅಂತ ಹೊರಟೆ ಕಣೇ."

ದೊಡ್ಡವಳು ನೆಲದ ಮೇಲಿದ್ದ ತಂಗಿಯ ಪಕ್ಕದಲ್ಲಿ ಹೋಗಿ ಕೂತಳು.

"ತಪ್ಪು ನಿಂದಲ್ಲ," ಎಂದಳು. "ನಂಗೆ ಗೊತ್ತಿತ್ತು. ಬೇಕೂಂತ್ಲೇ ಹೇಳ್ಲಿಲ್ಲ."