ಒಂದೇ ದಾರಿಯ ಎರಡು ವ್ಯಾನು

ಅಮೆರಿಕದ ಕೆಲ್ಸಿ ಫಾಲ್ಸ್ ಎಂಬ ಊರಿನ ವರ್ನಾಳ ಮನೆ ಮುಂದೆ ಬೆಳಗ್ಗೆ ಆರೂವರೆಗೆ ಶಾಲೆಯ ವ್ಯಾನು ಬಂದು ನಿಲ್ಲುತ್ತಿತ್ತು. ಮೊಮ್ಮಗಳು ಇಂಗಾಳಿಗೆ ಒಂಬತ್ತು ವರ್ಷ. ಮಾತು ಬಂದಿಲ್ಲ, ಗಾಲಿಕುರ್ಚಿಯಲ್ಲೇ ಓಡಾಟ, ಆಗಾಗ ಫಿಟ್ಸ್ ಬೇರೆ. ಅವಳಂಥ ಮಕ್ಕಳಿಗೆ ಕಲಿಸುವ ಶಾಲೆ ಇರುವುದು ನಲವತ್ತು ಮೈಲಿ ಆಚೆ. ಮಗಳು ತೀರಿಕೊಂಡ ಮೇಲೆ ಈ ಮಗುವಿಗೆ ಅಜ್ಜಿಯೇ ದಿಕ್ಕು.

ವ್ಯಾನಿನಲ್ಲಿ ಮಗುವಿನ ಪಕ್ಕ ಕೂತು ಹೋಗುವ ಸಹಾಯಕಿ ಡೆಲ್ಲಾ, ಎರಡು ಮನೆ ಆಚೆಯವಳು. ಫಿಟ್ಸ್ ಬರುವ ಮೊದಲು ಇಂಗಾ ಎಡಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಳ್ಳುತ್ತಾಳೆ. ಇದನ್ನು ಬಲ್ಲವರು ಅಜ್ಜಿ ಮತ್ತು ಡೆಲ್ಲಾ, ಇಬ್ಬರೇ.

ಜನವರಿಯ ಒಂದು ಸಂಜೆ ಡೆಲ್ಲಾ ಆಲೂಗಡ್ಡೆಯ ಹಾಟ್‌ಡಿಶ್ ಪಾತ್ರೆ ಹಿಡಿದು ಬಂದಳು. ಆ ಊರಲ್ಲಿ ಕರೆಯದೆ ಯಾರಾದರೂ ಬಿಸಿ ಅಡುಗೆ ತಂದರೆ ಕೆಟ್ಟ ಸುದ್ದಿ ಎಂದೇ ಅರ್ಥ.

"ಯಾರು ಹೋದ್ರು?" ವರ್ನಾ ಕೇಳಿದಳು.

"ಯಾರೂ ಹೋಗಿಲ್ಲ ಕಣೇ. ಹೋಗೋ ಹಾಗಿರೋದು ನನ್ನ ಸೀಟು."

ಖರ್ಚು ಕೈಮೀರುತ್ತಿದೆ ಎಂದು ಶಾಲಾ ಮಂಡಳಿ ಹೇಳುತ್ತಿತ್ತು. ಒಂದು ಮಗುವಿಗೆ ಒಂದು ವ್ಯಾನು, ಒಬ್ಬ ಚಾಲಕ, ಒಬ್ಬ ಸಹಾಯಕಿ. ವ್ಯಾನು ಬಿಡುವಂತಿಲ್ಲ, ಚಾಲಕನನ್ನೂ ಬಿಡುವಂತಿಲ್ಲ. ಉಳಿದವಳು ಡೆಲ್ಲಾ.

"ನಾಲ್ಕು ವರ್ಷದಿಂದ ಹೋಗ್ತಿದೀಯಲ್ಲೇ! ಅದು ಹೇಗೆ ತೆಗೀತಾರೆ?"

"ಇಂಗಾಳ ಕಲಿಕೆಯ ಯೋಜನೆ ಅಂತ ಶಾಲೆಯವರು ಬರೆದುಕೊಟ್ಟಿದಾರಲ್ಲ, ಆ ಕಾಗದ ತೆಗೆದು ನೋಡು. ವ್ಯಾನಲ್ಲಿ ಪಕ್ಕದಲ್ಲಿ ಒಬ್ರು ಇರ್ಬೇಕು ಅಂತ ಎಲ್ಲಾದ್ರೂ ಇದೆಯಾ? ನಾನು ಹತ್ತಿ ಕೂತೆ, ಯಾರೂ ಇಳಿ ಅನ್ಲಿಲ್ಲ. ಅಷ್ಟೇ."

ವರ್ನಾ ಡ್ರಾಯರಿನಿಂದ ಕಾಗದ ತೆಗೆದು ಹನ್ನೆರಡು ಪುಟ ತಿರುವಿದಳು. ಎಲ್ಲೂ ಇರಲಿಲ್ಲ. ಮತ್ತೆ ಮೊದಲ ಪುಟದಿಂದ ತಿರುವಿದಳು.

"ಇನ್ನೊಂದು ದಾರಿ ಇದೆ," ಎಂದಳು ಡೆಲ್ಲಾ. "ಆರ್ಡೆನ್ ಊರಿನ ವ್ಯಾನೂ ಅದೇ ರಸ್ತೇಲಿ, ಅದೇ ಶಾಲೆಗೆ, ಒಂದೇ ಮಗು ಕೂರಿಸ್ಕೊಂಡು ಹೋಗುತ್ತೆ. ಎರಡೂ ಊರು ಸೇರಿ ಒಂದೇ ವ್ಯಾನು ಮಾಡ್ಕೊಂಡ್ರೆ, ಉಳಿಯೋ ದುಡ್ಡಲ್ಲಿ ನನ್ನ ಸೀಟು ಉಳಿಯುತ್ತೆ."

ವರ್ನಾ ಚಮಚ ಕೆಳಗಿಟ್ಟಳು. ಆರ್ಡೆನ್! ಐಸ್ ಹಾಕಿಯ ದೆಸೆಯಿಂದ ಎರಡೂ ಊರಿಗೆ ಎಣ್ಣೆ ಸೀಗೆಕಾಯಿ ಸಂಬಂಧ. ಅವಳ ಗಂಡ ಬದುಕಿರುವ ತನಕ ಆ ಊರಲ್ಲಿ ಪೆಟ್ರೋಲು ಸಹ ಹಾಕಿಸಿದವನಲ್ಲ.

"ಹ್ಞೂಂ, ಅದೊಂಥರಾ ಬೇರೆ ಯೋಚನೆ," ಎಂದಳು. ಆ ಕಡೆಯವರು 'ಬೇಡ' ಎನ್ನುವುದು ಹೀಗೆಯೇ.

"ನೇರವಾಗಿ ಬೈದುಬಿಡೇ ಮಾರಾಯ್ತಿ."

"ಅವರ ಚಾಲಕನಿಗೆ ನಮ್ಮ ಮಗುವಿನ ಹೆಬ್ಬೆರಳ ವಿಷಯ ಗೊತ್ತಾ? ಆ ಊರು ಸುತ್ಕೊಂಡು ಹೋಗೋಕೆ ಎಷ್ಟೊತ್ತಾಗುತ್ತೋ! ಇವತ್ತು ವ್ಯಾನು ಹಂಚ್ಕೋ ಅಂತಾರೆ, ನಾಳೆ ಟೀಚರನ್ನೂ ಹಂಚ್ಕೋ ಅಂತಾರೆ. ಬೇಡಮ್ಮ."

ಡೆಲ್ಲಾ ಎದ್ದು ಕೋಟು ಹಾಕಿಕೊಂಡಳು. ಪಾತ್ರೆ ಅಲ್ಲೇ ಬಿಟ್ಟು ಹೋದಳು.

ಎರಡು ವ್ಯಾನಿನ ವಿಷಯ ಎರಡೂ ಊರಿಗೆ ಗೊತ್ತಿದ್ದದ್ದೇ. ಎರಡು ವರ್ಷದಿಂದ ಒಂದರ ಹಿಂದೆ ಒಂದು ಹೋಗುತ್ತಿದ್ದವು. ಒಂದನ್ನೊಂದು ದಾಟುವಾಗ ಚಾಲಕರು ಸ್ಟೀರಿಂಗಿನಿಂದ ಎರಡು ಬೆರಳೆತ್ತಿ ನಮಸ್ಕಾರವನ್ನೂ ಹೇಳಿಕೊಳ್ಳುತ್ತಿದ್ದರು. ಆದರೆ "ಯಾಕಯ್ಯಾ ಎರಡು ಗಾಡಿ?" ಎಂದು ಒಬ್ಬರೂ ಕೇಳಲಿಲ್ಲ. ಪಕ್ಕದೂರಿನ ವಿಷಯಕ್ಕೆ ಮೂಗು ತೂರಿಸಿದರೆ ಮರ್ಯಾದೆಗೆಟ್ಟಂತೆ ಎಂದು ತಿಳಿದ ಜನ ಅವರು. ಅಷ್ಟೊಂದು ಮರ್ಯಾದೆ ಯಾರಿಗೆ ಬೇಕಾಗಿತ್ತೋ!

ಫೆಬ್ರವರಿಯಲ್ಲಿ ಒಂದು ದಿನ, ಮೂಗಿನೊಳಗಿನ ಉಸಿರೇ ಹೆಪ್ಪುಗಟ್ಟುವ ಚಳಿಯಲ್ಲಿ, ಇಂಗಾಳ ವ್ಯಾನು ಹೊಲಗಳ ನಡುವೆ ಕೆಟ್ಟು ನಿಂತಿತು. ಹೀಟರ್ ಆರಿಹೋಯಿತು. ಡೆಲ್ಲಾ ಫೋನು ಮಾಡಿದಳು. "ಹೆದರ್ಬೇಡ. ಹಿಂದೇನೇ ಆರ್ಡೆನ್ ವ್ಯಾನು ಬಂತು. ಮಗೂನ ಅದರೊಳಗೆ ಬೆಚ್ಚಗೆ ಕೂರಿಸಿದೀವಿ."

ವರ್ನಾ ಮನೆಯ ಚಪ್ಪಲಿಯಲ್ಲೇ ಕಾರು ಹತ್ತಿದಳು.

ಹೋಗಿ ನೋಡಿದರೆ ಆರ್ಡೆನ್ ವ್ಯಾನಿನ ಎಂಜಿನ್ ಓಡುತ್ತಿದೆ, ವ್ಯಾನು ಮಾತ್ರ ನಿಂತಿದೆ. ಒಳಗೆ ಇಂಗಾ, ಅವಳ ಪಕ್ಕದಲ್ಲಿ ಆರ್ಡೆನ್ ಹುಡುಗಿ ಟೆಸ್ಸಾ. ಅವಳದೂ ಗಾಲಿಕುರ್ಚಿ. ಚಾಲಕ ಓರ್ಲಿನ್, ಅರವತ್ತು ದಾಟಿದವನು.

"ಇವಳ ಶಾಲೆಗೇ ತಾನೆ ನೀವು ಹೋಗೋದು? ಹೊರಡ್ರೀ ಮತ್ತೆ!" ಎಂದಳು ವರ್ನಾ.

ಓರ್ಲಿನ್ ಟೋಪಿ ತೆಗೆದ. "ಹೊರಡೋ ಹಾಗಿಲ್ಲ ಕಣ್ರೀ. ಎರಡೂರಿನ ಶಾಲೆಗಳ ನಡುವೆ ಒಪ್ಪಂದ ಇಲ್ಲ. ನಿಮ್ಮೂರ ಮಗು ಒಳಗಿದ್ದಾಗ ಗಾಡಿ ಒಂದು ಗಜ ಸರಿದ್ರೂ ವಿಮೆ ಸಿಗಲ್ಲ. ಬೆಚ್ಚಗಿಟ್ಕೊಂಡು ನಿಂತಿರ್ಬಹುದು, ಅಷ್ಟೇ. ನಿಮ್ಮ ಬದಲಿ ವ್ಯಾನು ಬರೋವರೆಗೂ ನಾನು ಕದಲಲ್ಲ."

ಎರಡು ಗಾಲಿಕುರ್ಚಿ ಹಿಡಿಸುವ ವ್ಯಾನು, ಒಳಗೆ ಇರುವುದೂ ಎರಡೇ ಗಾಲಿಕುರ್ಚಿ, ಹೋಗಬೇಕಾದ್ದೂ ಒಂದೇ ಶಾಲೆಗೆ. ಆದರೂ ಎಲ್ಲರೂ ಮುಕ್ಕಾಲು ಗಂಟೆ ಅಲ್ಲೇ ಕೂತರು. ಟೆಸ್ಸಾ ಏನೋ ಗುನುಗುತ್ತಿದ್ದಳು. ಇಂಗಾ ಕತ್ತು ಹೊರಳಿಸಿ ಅವಳನ್ನೇ ನೋಡುತ್ತಿದ್ದಳು.

ಡೆಲ್ಲಾ ಆ ಕಡೆ ತಿರುಗಿ ಫ್ಲಾಸ್ಕಿನಿಂದ ವರ್ನಾಳಿಗೆ ಕಾಫಿ ಬಗ್ಗಿಸುತ್ತಿದ್ದಳು. ಆಗ ಮುಂದಿನ ಸೀಟಿನಿಂದ ಓರ್ಲಿನ್ ಕೂಗಿದ: "ಹೆಬ್ಬೆರಳು! ಡೆಲ್ಲಾ, ಹೆಬ್ಬೆರಳು!"

ಅವನು ಕನ್ನಡಿಯಲ್ಲಿ ಕಂಡಿದ್ದ. ಡೆಲ್ಲಾ ಕಾಫಿ ಬಿಟ್ಟು ಮಗುವಿನ ಶಾಲು ಸಡಿಲಿಸಿದಳು, ತಲೆಗೆ ಕೈಕೊಟ್ಟು ಗಡಿಯಾರ ನೋಡಿದಳು. ಒಂದು ನಿಮಿಷದಲ್ಲಿ ಫಿಟ್ಸ್ ಬಂದು ಹೋಯಿತು.

"ನಿಮಗೆ ಹೇಗ್ರೀ ಗೊತ್ತಾಯ್ತು?" ವರ್ನಾ ಮುಂದಿನ ಸೀಟಿನ ಕಡೆ ಬಾಗಿ ಕೇಳಿದಳು.

"ಮಗೂನ ಹತ್ತಿಸ್ದಾಗಲೇ ಡೆಲ್ಲಾ ಹೇಳಿದ್ರಲ್ಲ. ಹೇಳಿದ್ರೆ ತಾನೆ ಗೊತ್ತಾಗೋದು."

ಊರಿಗೆ ವಾಪಸಾಗುವಾಗ ವರ್ನಾ ಆರ್ಡೆನ್‌ನಲ್ಲಿ ನಿಲ್ಲಿಸಿ ಪೆಟ್ರೋಲು ಹಾಕಿಸಿದಳು. ಮೇಲೆ ಗಂಡನ ಆತ್ಮ ಏನೆಂದುಕೊಂಡಿತೋ, ಅವಳು ಲೆಕ್ಕಿಸಲಿಲ್ಲ.

ಮುಂದಿನ ವಾರ ಅವಳೇ ಶಾಲೆಗೆ ಹೋಗಿ ಇಂಗಾಳ ಕಲಿಕೆಯ ಯೋಜನೆಯ ಬಗ್ಗೆ ಸಭೆ ಕರೆಸಿದಳು. "ವ್ಯಾನು ಹಂಚ್ಕೊಳ್ಳೋಕೆ ನಾನು ಒಪ್ತೀನಿ. ಆದ್ರೆ ಬಾಯಿಮಾತಲ್ಲಿ ಬೇಡ, ಬರೀರಿ," ಎಂದಳು. ಫಿಟ್ಸ್ ನೋಡಿಕೊಳ್ಳಬಲ್ಲ ಒಬ್ಬರು ಪಕ್ಕದಲ್ಲಿ ಇರಲೇಬೇಕೆಂದು ಬರೆಸಿದಳು. ಪ್ರಯಾಣ ಒಂದು ಗಂಟೆ ಮೀರಬಾರದು ಎಂದೂ ಬರೆಸಿದಳು. "ಇದು ಇವಳ ಹಕ್ಕು. ವ್ಯಾನು ಯಾರದೇ ಆಗ್ಲಿ, ಬರೆದದ್ದು ಇವಳ ಜೊತೆಗೇ ಹೋಗುತ್ತೆ," ಎಂದು ಶಾಲೆಯವರೂ ಒಪ್ಪಿದರು. ಎರಡೂ ಮಂಡಳಿಗಳು ಸಹಿ ಹಾಕಿದವು. ವಿಮೆಯೂ ಆಯಿತು. ಒಂದು ಶನಿವಾರ ವರ್ನಾ ತಾನೇ ವ್ಯಾನಿನಲ್ಲಿ ಕೂತು ಹೋಗಿಬಂದಳು. ಎರಡೂ ಊರು ಮುಟ್ಟಿ ಹೋದರೂ ಇಡೀ ದಾರಿಗೆ ಹೆಚ್ಚಾದದ್ದು ಎಂಟೇ ನಿಮಿಷ.

ಏಪ್ರಿಲ್‌ನ ಮೊದಲ ಸೋಮವಾರ ಬಂದು ನಿಂತದ್ದು 'ಆರ್ಡೆನ್' ಎಂದು ಬರೆದ ವ್ಯಾನು. ಒಳಗಿನಿಂದ ಟೆಸ್ಸಾಳ ಗುನುಗು ಕೇಳಿತು. ಇಂಗಾ ತನಗೆ ತಿಳಿದ ಒಂದೇ ರೀತಿಯಲ್ಲಿ, ಗಾಲಿಕುರ್ಚಿಯ ಕೈಯನ್ನು ಪಟಪಟ ಬಡಿದು, ಉತ್ತರ ಕೊಟ್ಟಳು. ನಾಲ್ಕು ವರ್ಷದಲ್ಲಿ ಶಾಲೆಗೆ ಹೊರಡುವಾಗ ಅವಳು ಹಾಗೆ ಮಾಡಿದ್ದೇ ಇಲ್ಲ. ಡೆಲ್ಲಾ ಅವಳನ್ನು ಹತ್ತಿಸಿ ಪಕ್ಕದ ಸೀಟಿನಲ್ಲಿ ಕೂತಳು.

ವರ್ನಾ ಚಾಲಕನ ಕಿಟಕಿಯ ಹತ್ತಿರ ಬಂದಳು. "ಓರ್ಲಿನ್, ಆವತ್ತು ನೀವು ನಿಂತಿರಲ್ಲ," ಎಂದಳು. "ಆ ಉಪಕಾರ ನಾನು ಸಾಯೋವರೆಗೂ ಮರೆಯಲ್ಲ."

"ನಿಂತಿದ್ದಕ್ಕೆ ಯಾಕ್ರೀ ಉಪಕಾರ? ಇವತ್ತು ಹೊರಡ್ತಿದೀನಲ್ಲ, ಅದಕ್ಕೆ ಖುಷಿಪಡಿ," ಎಂದ ಓರ್ಲಿನ್. ಸ್ಟೀರಿಂಗಿನಿಂದ ಎರಡು ಬೆರಳೆತ್ತಿ ಗಾಡಿ ಎಬ್ಬಿಸಿದ. ವರ್ನಾ ಎರಡೂ ಕೈ ಎತ್ತಿ ಬೀಸಿದಳು.

ಓದಿದವರೇ, ಕೇಳಿದವರೇ, ನಿಮ್ಮ ರಸ್ತೆಯಲ್ಲೂ ಅರ್ಧ ಖಾಲಿಯಾದ ಎರಡು ಗಾಡಿ ಒಂದೇ ಶಾಲೆಗೆ ಹೋಗುತ್ತಿರಬಹುದು. ಯಾಕೆ ಎಂದು ನಿಮ್ಮ ಶಾಲಾ ಮಂಡಳಿಯನ್ನು ಕೇಳಿ. ನಿಮ್ಮ ಮಗುವಿಗೆ ದಾರಿಯಲ್ಲಿ ಏನು ಬೇಕೋ ಅದನ್ನು ಯೋಜನೆಯಲ್ಲಿ ಬರೆಸಿ, ಆಮೇಲೆ ಪಕ್ಕದೂರಿನ ಮಗುವಿಗೆ ಜಾಗ ಕೊಡಿ. ಮಗುವಿನ ಸೌಕರ್ಯ ಕತ್ತರಿಸದೆಯೂ ಖರ್ಚು ಇಳಿಸಬಹುದು. ನಾಳೆ ಬೆಳಗ್ಗೆ ಆ ಇನ್ನೊಂದು ವ್ಯಾನು ಎದುರಾದಾಗ ಬರೀ ಬೆರಳೆತ್ತಿ ಸುಮ್ಮನಾಗಬೇಡಿ. ನಿಲ್ಲಿಸಿ, ಮಾತಾಡಿ.